ಗಿರಣಿಯ ಮುಂದಿನ ಟಿಕಳಿ

ಆ ವರ್ಷ ಜೂನ್ ತಿಂಗಳ ಕೊನೆಯ ವಾರದಿಂದ ಏಳು ಹುಡುಗಿಯರು ಮೇಲಿಂದ ಮೇಲೆ ಪ್ರಾರ್ಥನೆಗೆ ತಡವಾಗಿ ಬರತೊಡಗಿದರು. ಏಳೂ ಜನ ಒಂಬತ್ತನೇ ತರಗತಿ, ಏಳೂ ಜನ ಹಳ್ಳದಾಚೆಯ ಒಂದೇ ಊರಿನವರು. ಯಲಬುರ್ಗಾ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಕ. ಪಿ.ಟಿ. ಮಾಸ್ತರನೆಂದರೆ ಸೀಟಿ ಊದುವವನು, ಸಾಲು ನಿಲ್ಲಿಸುವವನು, ತಡವಾಗಿ ಬಂದವರನ್ನು ಗೇಟಿನಲ್ಲಿ ಹಿಡಿಯುವವನು. ನಾನು ಹಿಡಿದೆ, ಮೈದಾನ ಎರಡು ಸುತ್ತು ಓಡಿಸಿದೆ. ಮರುದಿನವೂ ತಡವಾಗಿ ಬಂದರು, ಮರುದಿನವೂ ಎರಡು ಸುತ್ತು ಓಡಿದರು. ಮೂರೂವರೆ ಕಿಲೋಮೀಟರ್ ನಡೆದು ಬಂದ ಮಕ್ಕಳನ್ನು ಮತ್ತೆ ಓಡಿಸುತ್ತಿದ್ದೇನಲ್ಲ ಎಂದು ನನಗೆ ಹೊಳೆಯಲೇ ಇಲ್ಲ. ಕೈಯಲ್ಲಿ ಸೀಟಿ ಇದ್ದವನಿಗೆ ಬುದ್ಧಿ ಸ್ವಲ್ಪ ನಿಧಾನವಾಗಿಯೇ ಬರುತ್ತದೆ.

ಏಳು ಹುಡುಗಿಯರ ನಡುವೆ ಮೂರು ಸೈಕಲ್ ಇದ್ದವು. ಎರಡು, ಅಕ್ಕಂದಿರು ಓದುವಾಗ ಸರ್ಕಾರ ಕೊಟ್ಟಿದ್ದ ಹಳೆಯವು. ಮೂರನೆಯದು ಹಸಿರು ಬಣ್ಣದ್ದು. ಬಾಗಿಲಿಗೆ ಬಳಿದು ಉಳಿದ ಬಣ್ಣವನ್ನು ಬ್ರಷ್‌ನಿಂದ ಸೈಕಲ್‌ಗೆ ಹಚ್ಚಿದ್ದ ಗುರುತು ಕಾಣುತ್ತಿತ್ತು. ಅದರ ಒಡತಿಯೇ ಆ ಗುಂಪಿನ ಮುಂದಾಳು. ಮೂವರು ತುಳಿಯಬೇಕು, ಮೂವರು ಹಿಂದೆ ಕೂರಬೇಕು, ಒಬ್ಬಳು ಪಕ್ಕದಲ್ಲಿ ನಡೆಯಬೇಕು. ಹಳ್ಳ ದಾಟಿದ ಮೇಲೆ ಪಾಳಿ ಬದಲಾಗಬೇಕು. ಒಬ್ಬಳ ಗಾಲಿಯಲ್ಲಿ ಗಾಳಿ ಹೋದರೆ ಎಲ್ಲರೂ ಇಳಿದು ನಡೆಯಬೇಕು, ಯಾರನ್ನೂ ಹಿಂದೆ ಬಿಡುವಂತಿಲ್ಲ. ಈ ಕಾನೂನನ್ನು ಅವರೇ ಮಾಡಿಕೊಂಡಿದ್ದರು. ಅವರ ಮನೆಯವರು ಹೆಣ್ಣುಮಕ್ಕಳನ್ನು ಪ್ರೌಢಶಾಲೆಗೆ ಕಳಿಸಲು ಒಪ್ಪಿದ್ದೇ ಈ ಕಾನೂನಿನ ಭರವಸೆಯ ಮೇಲೆ. ಒಬ್ಬಳೇ ಹೋಗುವ ಹುಡುಗಿ ಆ ಊರಿನಲ್ಲಿ ಯಾರೂ ಇರಲಿಲ್ಲ.

ಯಾಕೆ ತಡ ಎಂದು ಕೇಳಿದರೆ ಒಂದೇ ಉತ್ತರ, ಹಸಿರು ಸೈಕಲ್ ಪಂಕ್ಚರ್ ಆಗಿತ್ತು. ವಾರಕ್ಕೆ ನಾಲ್ಕು ದಿನ ಪಂಕ್ಚರ್ ಆಗುವ ಗಾಲಿಯನ್ನು ನಾನು ನೋಡಿರಲಿಲ್ಲ. ಒಂದು ದಿನ ಆಟದ ಪೀರಿಯಡ್‌ನಲ್ಲಿ ಟೈರ್ ಬಿಚ್ಚಿ, ಟ್ಯೂಬ್ ಹೊರಗೆಳೆದು, ಗಾಳಿ ತುಂಬಿ, ಬಿಸಿಯೂಟದ ಕೋಣೆಯಿಂದ ತಂದ ಬೋಗುಣಿ ನೀರಿನಲ್ಲಿ ಗೇಣು ಗೇಣಾಗಿ ಮುಳುಗಿಸಿ ನೋಡಿದೆ. ಗುಳ್ಳೆ ಬರಲಿಲ್ಲ. ತೂತಿದ್ದರೆ ಗುಳ್ಳೆ ಬಂದೇ ಬರುತ್ತದೆ. ಹಾಗಾದರೆ ಗಾಳಿ ತುಂಬುವ ಜಾಗದ ವಾಲ್ ಸಡಿಲಾಗಿರಬೇಕು ಎಂದುಕೊಂಡು ಅದರ ರಬ್ಬರ್ ಹೊಸದು ಹಾಕಿ, ಇಕ್ಕಳದಿಂದ ಬಿಗಿ ಮಾಡಿ ಕೊಟ್ಟೆ. ಆ ಹುಡುಗಿ ಎದುರಿಗೇ ನಿಂತು ನೀರನ್ನೇ ನೋಡುತ್ತಿದ್ದಳು. ಎರಡು ದಿನ ಬಿಟ್ಟು ಮತ್ತೆ ಸೈಕಲ್ ತಳ್ಳಿಕೊಂಡೇ ಬಂದಳು. ಗಾಳಿ ಹೋಗಿದೆ, ತೂತಿಲ್ಲ. ನಾನು ರಬ್ಬರ್ ಮಾರಿದ ಅಂಗಡಿಯವನನ್ನು ಬೈದುಕೊಂಡೆ.

ಜುಲೈನಲ್ಲಿ ಕೊಪ್ಪಳದಲ್ಲಿ ಎರಡು ದಿನದ ತರಬೇತಿಗೆ ನನ್ನನ್ನು ಹಾಕಿದರು. ಮಕ್ಕಳು ನಡೆದೋ ಸೈಕಲ್ ತುಳಿದೋ ಶಾಲೆಗೆ ಬರುವ ದಾರಿಯಲ್ಲಿ ಏನೇನು ತೊಂದರೆ ಇದೆ ಎಂದು ಮಕ್ಕಳಿಂದಲೇ ತಿಳಿಯುವ ವಿಧಾನ. ದಾರಿಯ ನಕ್ಷೆಯನ್ನು ಅವರೇ ಬಿಡಿಸಬೇಕು, ಖುಷಿ ಕೊಡುವ ಜಾಗಕ್ಕೆ ಹಸಿರು ಗುರುತು, ಅಂಜಿಕೆಯ ಜಾಗಕ್ಕೆ ಕೆಂಪು ಗುರುತು ಹಾಕಬೇಕು. ದೊಡ್ಡವರು ಲಾರಿಗೆ ಹೆದರುತ್ತಾರೆ, ಮಕ್ಕಳು ಬೇರೆ ಏನಕ್ಕೋ ಹೆದರುತ್ತಿರುತ್ತಾರೆ ಎಂದು ತರಬೇತಿ ಕೊಟ್ಟ ಹೆಣ್ಣುಮಗಳು ಹೇಳಿದಳು. ಎರಡು ಎಚ್ಚರಿಕೆಗಳನ್ನೂ ಕೊಟ್ಟಳು. ಗುರುತು ಹಾಕುವಾಗ ಮಾಸ್ತರು ಅಲ್ಲಿ ನಿಲ್ಲಬಾರದು, ನಕ್ಷೆಯ ಮೇಲೆ ಯಾರ ಹೆಸರೂ ಇರಬಾರದು. ಎರಡನ್ನೂ ಡೈರಿಯಲ್ಲಿ ಬರೆದುಕೊಂಡು ಅಡಿಗೆರೆ ಎಳೆದೆ.

ಬಂದವನು ಮೊದಲು ದಾರಿ ಅಳೆದೆ. ಆ ಊರಿನ ಹೊರಗಿನ ಬೇವಿನ ಮರದ ಕೆಳಗೆ ನನ್ನ ಬೈಕ್ ನಿಲ್ಲಿಸಿ, ಅಲ್ಲಿಂದ ಶಾಲೆಯವರೆಗೆ ಗಡಿಯಾರ ಹಿಡಿದು ನಡೆದೆ. ಮರದಿಂದ ಹಳ್ಳಕ್ಕೆ ಹದಿನೆಂಟು ನಿಮಿಷ. ಹಳ್ಳದ ಎರಡೂ ದಂಡೆಗೆ ಜಾಲಿ ಕಂಟಿ ಬೆಳೆದು ಬಂಡಿ ದಾರಿ ಎರಡಾಳಿನಷ್ಟು ಕಿರಿದಾಗಿತ್ತು. ಮುಂದೆ ಡಾಂಬರ್ ರಸ್ತೆ ದಾಟಬೇಕು, ಅಲ್ಲಿ ಕುಷ್ಟಗಿ ಕಡೆಯ ಕಲ್ಲಿನ ಟಿಪ್ಪರ್‌ಗಳು ಬ್ರೇಕ್ ಎಂಬುದನ್ನೇ ಮರೆತಂತೆ ಓಡುತ್ತವೆ. ಎಲ್ಲವನ್ನೂ ಬರೆದುಕೊಂಡೆ. ಬೇವಿನ ಮರಕ್ಕಿಂತ ಒಳಗೆ, ಊರಿನೊಳಗಿನ ದಾರಿಯನ್ನು ಅಳೆಯಲಿಲ್ಲ. ಊರೊಳಗೆ ಅವರವರ ಮನೆ, ಅವರವರ ಮಂದಿ, ಅಲ್ಲೇನು ಅಂಜಿಕೆ ಎಂದು ನನ್ನ ಲೆಕ್ಕ.

ನಕ್ಷೆಯ ದಿನ ನಾಲ್ಕು ಡ್ರಾಯಿಂಗ್ ಹಾಳೆ ಅಂಟಿಸಿ ಏಳೂ ಜನರನ್ನು ಗ್ರಂಥಾಲಯದ ಕೋಣೆಯಲ್ಲಿ ಕೂರಿಸಿದೆ. ಚೆಂದ ಬಿಡಿಸಿದರು. ನೀರು ತರುವ ಬೋರಿಂಗ್, ಬೇವಿನ ಮರ, ಹಳ್ಳ, ಟಿಪ್ಪರ್, ಗೇಟಿನಲ್ಲಿ ಸೀಟಿ ಹಿಡಿದ ನಾನೂ ಇದ್ದೆ, ಮೀಸೆ ಸ್ವಲ್ಪ ದೊಡ್ಡದಾಗಿತ್ತು. ಗುರುತು ಹಾಕುವ ಹೊತ್ತಿಗೆ ನೋಡಿದರೆ ಶಾಲೆಯ ಕೆಂಪು ಸ್ಕೆಚ್ ಪೆನ್ನುಗಳೆಲ್ಲ ಒಣಗಿ ಕಡ್ಡಿಯಾಗಿದ್ದವು. ಆಗ ಒಬ್ಬಳು ಕಂಪಾಸ್ ಡಬ್ಬಿಯಿಂದ ಟಿಕಳಿಯ ಹಾಳೆ ತೆಗೆದಳು. ಹಣೆಗೆ ಅಂಟಿಸುವ ಟಿಕಳಿ, ಅದೂ ಕೆಂಪೇ. ಉಳಿದವರೂ ತಮ್ಮ ತಮ್ಮದನ್ನು ತೆಗೆದರು. ಮುಸ್ಲಿಂ ಮನೆಯ ಹುಡುಗಿಯೊಬ್ಬಳ ಬಳಿ ಟಿಕಳಿ ಇರಲಿಲ್ಲ. ಓಢಣಿಯ ಅಂಚಿನ ಒಂದು ಚಮಕಿ ಕಿತ್ತು, ಇದನ್ನು ಅಂಟಿಸಲೇ ಎಂದು ಕೇಳಿದಳು. ಆಗಲಿ ಎಂದೆ. ನಿಯಮದ ಪ್ರಕಾರ ವರಾಂಡಕ್ಕೆ ಹೋಗಿ ಬೆನ್ನು ತಿರುಗಿಸಿ ನಿಂತೆ. ನನ್ನ ಜಾಣತನಕ್ಕೆ ನನಗೇ ಮೆಚ್ಚಿಗೆಯಾಗಿತ್ತು.

ಹತ್ತು ನಿಮಿಷದ ಮೇಲೆ ಒಳಗೆ ಹೋದಾಗ ಐದು ಟಿಕಳಿಗಳು ಹಳ್ಳದ ಜಾಲಿಯ ಮೇಲೆ ಇದ್ದವು. ಚಮಕಿ ಡಾಂಬರ್ ರಸ್ತೆಯ ಮೇಲಿತ್ತು. ಹಾವಿನಾಕಾರದ, ಬುಡದಲ್ಲಿ ಸಣ್ಣ ಹರಳಿದ್ದ ಒಂದು ಟಿಕಳಿ ಮಾತ್ರ ಊರೊಳಗೆ, ಹಿಟ್ಟಿನ ಗಿರಣಿ ಎಂದು ಬರೆದ ಚೌಕದ ಮುಂದೆ ಅಂಟಿತ್ತು. ಗಿರಣಿ ಮುಂದೆ ಏನಿದೆ ಎಂದು ಕೇಳಿದೆ. ಹುಡುಗಿಯರು ಉಳಿದ ಟಿಕಳಿಗಳನ್ನು ಕಂಪಾಸ್ ಡಬ್ಬಿಗೆ ಸೇರಿಸತೊಡಗಿದರು. ಕೊನೆಗೆ ಒಬ್ಬಳು ಅಲ್ಲಿ ನಾಯಿ ಇರುತ್ತವೆ ಎಂದಳು. ನಾನು ಡೈರಿಯಲ್ಲಿ, ‘ಗಿರಣಿ, ನಾಯಿಕಾಟ, ಪಂಚಾಯಿತಿಗೆ ತಿಳಿಸುವುದು’ ಎಂದು ಬರೆದೆ.

ಮುಂದಿನ ಶನಿವಾರ ಶಾಲಾಭಿವೃದ್ಧಿ ಸಮಿತಿಯ ಸಭೆಯನ್ನು ಆ ಊರಿನ ಪ್ರಾಥಮಿಕ ಶಾಲೆಯ ಅಂಗಳದಲ್ಲೇ ಇಟ್ಟುಕೊಂಡೆವು. ಜಾಲಿ ಕಡಿಸಬೇಕು, ಹಳ್ಳದ ಮೇಲೆ ದೀಪ ಹಾಕಿಸಬೇಕು ಎಂದು ಪಂಚಾಯಿತಿ ಸದಸ್ಯರ ಬಾಯಿಂದ ಜನರ ಮುಂದೆ ಹೇಳಿಸುವುದು ನನ್ನ ಉದ್ದೇಶ. ಹಿಂದಿ ಟೀಚರ್ ರಜೆಯಲ್ಲಿದ್ದರು. ಶಾಲೆಯ ಮಾಸ್ತರರ ಪೈಕಿ ಅವರೊಬ್ಬರೇ ಹೆಣ್ಣುಮಗಳು. ಅವರಿಗೆ ನಕ್ಷೆ ತೋರಿಸಬೇಕೆಂದು ನನಗೆ ಅನ್ನಿಸಿರಲಿಲ್ಲ. ಹೆಡ್ ಮಾಸ್ತರರು ಒಂದು ತುದಿ ಹಿಡಿದರು, ನಾನೊಂದು ತುದಿ. ಸದಸ್ಯರು ಬಗ್ಗಿ ನೋಡಿದರು. ಐದು ಕೆಂಪು ಗುರುತುಗಳನ್ನು ಕಂಡು ಜೆಸಿಬಿ ಕಳಿಸುತ್ತೇನೆ ಎಂದು ಅಲ್ಲೇ ಒಪ್ಪಿಕೊಂಡರು. ಚಪ್ಪಾಳೆ ಬಿತ್ತು.

ಹೆಂಗಸರು ಹತ್ತಿರ ಬಂದು ನೋಡತೊಡಗಿದರು. ಅವರಲ್ಲೊಬ್ಬ ಮುದುಕಿ, ಕಣ್ಣು ಮಂಜಾದವಳು, ಹಾಳೆಗೆ ಮೂಗು ತಾಗುವಷ್ಟು ಬಗ್ಗಿ ಹಿಗ್ಗಿನಿಂದ ಹೇಳಿದಳು.

“ಈ ಹಾವಿನ ಟಿಕಳಿ ನಮ್ಮ ಹುಡುಗೀದು. ಕುಷ್ಟಗಿ ಸಂತ್ಯಾಗ ನಾನ ಕೊಡಿಸೀನಿ. ಊರಾಗ ಮತ್ತ್ಯಾರ ಹಂತ್ಯಾಕೂ ಇಲ್ಲ ಇಂಥಾದ್ದು.”

ಗಿರಣಿ ಮುಂದೆ ಯಾಕೆ ಹಚ್ಚಿದ್ದಾಳೆ ಎಂದು ಸದಸ್ಯರು ನನ್ನನ್ನು ಕೇಳಿದರು. ನಾಯಿ ಇವೆಯಂತೆ ಎಂದೆ. ಹೆಂಗಸರ ಗುಂಪಿನ ಹಿಂದಿನಿಂದ ಒಂದು ದನಿ, “ಅದಾವ್ರಿ, ಎರಡ ಕಾಲಿನ್ವು,” ಎಂದಿತು. ಎಲ್ಲರೂ ನಕ್ಕರು. ನಕ್ಕವರೆಲ್ಲ ಒಂದೇ ಕಡೆ ನೋಡಿದರು. ಅಲ್ಲಿ ಬೈಕಿಗೆ ಒರಗಿ ಗಿರಣಿ ನಡೆಸುವವನು ನಿಂತಿದ್ದ. ಇಪ್ಪತ್ತೆಂಟರ ಆಸುಪಾಸಿನ ಗಂಡಸು, ಆ ಮುದುಕಿಯ ಮಗ. ಅವನ ಮುಖ ಕಪ್ಪಾಯಿತು. ಬೈಕ್ ಚಾಲೂ ಮಾಡಿಕೊಂಡು ಹೊರಟು ಹೋದ. ಏನಾಯಿತೆಂದು ಅರ್ಥವಾಗದೆ ನಾನು ಹಾಳೆಯನ್ನು ಸುರುಳಿ ಸುತ್ತತೊಡಗಿದೆ.

ಸೋಮವಾರ ಆ ಊರಿನಿಂದ ಇಬ್ಬರು ಹುಡುಗಿಯರು ಮಾತ್ರ ಬಂದರು. ಹಿಂದಿ ಟೀಚರ್ ಅವರನ್ನು ಗ್ರಂಥಾಲಯದ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿ ಮಾತಾಡಿಸಿದರು. ಅರ್ಧ ಗಂಟೆಯ ನಂತರ ಹೊರಗೆ ಬಂದು ನನಗೆ ಎಲ್ಲವನ್ನೂ ಹೇಳಿದರು. ಗಿರಣಿಯವನು ಹಸಿರು ಸೈಕಲ್ಲಿನ ಹುಡುಗಿಯ ಸೋದರಮಾವ. ಅವಳ ಅಪ್ಪ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಗೋವಾಕ್ಕೆ ಹೋದವನು ಅಲ್ಲೇ ತೀರಿಕೊಂಡಿದ್ದ. ತಾಯಿ ಇಬ್ಬರು ಹೆಣ್ಣುಮಕ್ಕಳೊಂದಿಗೆ ತಮ್ಮನ ಮನೆ ಸೇರಿದ್ದಳು. ದೊಡ್ಡ ಮಗಳನ್ನು ಮಾವನಿಗೇ ಕೊಡುವುದೆಂದು ಹುಟ್ಟಿದಾಗಲೇ ಆಡಿದ ಮಾತು. ಆ ಸಲುಗೆಯಲ್ಲಿ ಮನಸ್ಸು ಬಂದ ದಿನ ಬೆಳಿಗ್ಗೆ ಅವನು ಗಿರಣಿಯ ಮುಂದೆ ಸೈಕಲ್ ತಡೆದು, ಹ್ಯಾಂಡಲ್ ಹಿಡಿದು, ವಾಲ್ ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಬಿಗಿ ಮಾಡುತ್ತಿದ್ದ. ಪಂಪು ಗಿರಣಿಯೊಳಗೇ ಇತ್ತು. ಗಾಳಿ ಬೇಕಾದರೆ ಒಳಗೆ ಬಂದು ಕೇಳಬೇಕು. ಅವಳು ಒಳಗೆ ಹೋಗುತ್ತಿರಲಿಲ್ಲ. ಗಾಳಿಯಿಲ್ಲದ ಸೈಕಲ್ ತಳ್ಳಿಕೊಂಡು ಮೂರೂವರೆ ಕಿಲೋಮೀಟರ್ ನಡೆಯುತ್ತಿದ್ದಳು. ಗಿರಣಿಯ ಕಟ್ಟೆಯ ಮೇಲೆ ಕೂತವರು ಮಾವ ಸೊಸೆಯ ಚೇಷ್ಟೆ ಎಂದು ನಗುತ್ತಿದ್ದರು.

ನಾನು ಆ ನಡಿಗೆಗೆ ಎರಡು ಸುತ್ತು ಸೇರಿಸಿದ್ದೆ. ಅದನ್ನು ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಹೆಸರು ಬರೆಸಿರಲಿಲ್ಲ, ನಿಯಮ ಪಾಲಿಸಿದ್ದೆ ಎಂದು ಹಿಂದಿ ಟೀಚರ್‌ಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ವಾಸಿಯಿತ್ತು.

“ಯಾವ ಟಿಕಳಿ ಯಾರದು ಅಂತ ಊರ ಹೆಣ್ಮಕ್ಕಳಿಗೆ ಗೊತ್ತಿರತೈತ್ರಿ ಸರ್. ನೀವು ಹೆಸರ ಬರಸಿದ್ರ ಛಲೋ ಇತ್ತು. ಅರ್ಧ ಮಂದಿಗೆ ಓದಾಕರ ಬರ್ತಿದ್ದಿಲ್ಲ.”

ಮಂಗಳವಾರ ಆ ಇಬ್ಬರೂ ಬರಲಿಲ್ಲ. ನಾನು ಮನೆ ಮನೆಗೆ ಹೋದೆ. ಯಾರೂ ನನ್ನನ್ನು ಬೈಯಲಿಲ್ಲ, ಎಲ್ಲರೂ ಚಹಾ ಕೊಟ್ಟರು. ಹುಡುಗಿಗೆ ಜ್ವರ, ಹುಡುಗಿ ಅಜ್ಜಿಯ ಊರಿಗೆ ಹೋಗಿದ್ದಾಳೆ, ಮನೆಯಲ್ಲಿ ಎಮ್ಮೆ ಈದಿದೆ. ಚಮಕಿ ಅಂಟಿಸಿದವಳ ಅಪ್ಪ, ಬೇಕರಿ ಸಾಮಾನು ಮಾರುವವನು, ಒಬ್ಬನೇ ಬಿಚ್ಚಿ ಹೇಳಿದ. ರಸ್ತೆಗೆ ತಾನು ಅಂಜುವುದಿಲ್ಲ, ಮಾತಿಗೆ ಅಂಜುತ್ತೇನೆ. ಇಂದು ಅವರ ಹುಡುಗಿಯ ಟಿಕಳಿ, ನಾಳೆ ನಮ್ಮ ಹುಡುಗಿಯ ಚಮಕಿ ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಜಾಲಿ ಕಂಟಿಯನ್ನು ಜೆಸಿಬಿ ಕೀಳುತ್ತದೆ. ಊರು ಆಡುವ ಮಾತಿಗೆ ಯಾವ ಯಂತ್ರ ತರಬೇಕೆಂದು ತರಬೇತಿಯಲ್ಲಿ ಹೇಳಿರಲಿಲ್ಲ.

ಕೊನೆಗೆ ಹಸಿರು ಸೈಕಲ್ಲಿನ ಮನೆಗೆ ಹೋದೆ. ಸೈಕಲ್ ಅಂಗಳದಲ್ಲಿರಲಿಲ್ಲ. ಗಿರಣಿಯ ಕಿಟಕಿ ಸರಳಿಗೆ ಸರಪಳಿ ಹಾಕಿ ಕಟ್ಟಿದ್ದನ್ನು ಬರುವಾಗಲೇ ನೋಡಿದ್ದೆ. ತಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹುಡುಗಿ ಒಳಗಿನಿಂದ ಹೊರಗೆ ಬರಲಿಲ್ಲ. ತಂಗಿ, ಊರಿನ ಶಾಲೆಯಲ್ಲಿ ಏಳನೇ ತರಗತಿ ಓದುವವಳು, ಬಾಗಿಲ ಪಕ್ಕ ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ನಾನು ತಪ್ಪಾಯಿತು ಎಂದೆ. ತಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ನಾವು ಅವನ ಮನ್ಯಾಗ ಅದೀವ್ರಿ ಸರ್. ಅವನ ಗಿರಣಿ ಹಿಟ್ಟ ತಿಂತೀವಿ. ಆಕಿ ಸಣ್ಣಾಕಿ, ತಿಳೀಲಾರದ ಹಚ್ಯಾಳ. ನೀವು ಕಲ್ತೋರು, ನೀವ್ಯಾಕ ಅದನ್ನ ಊರ ಮುಂದ ಹಿಡದ್ರಿ?”

ಅವಳು ಕೊಟ್ಟ ನೀರು ಕುಡಿದು ಎದ್ದು ಬಂದೆ.

ಹೆಡ್ ಮಾಸ್ತರರು ಒಳ್ಳೆಯವರು, ಆದರೆ ಹಾಜರಿ ಪುಸ್ತಕದ ಮನುಷ್ಯ. ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಶೃಂಗಾರ ಮಾಡಬಾರದು ಎಂದು ನನಗೆ ಗಾದೆ ಹೇಳಿ, ಏಳೂ ಹೆಸರಿನ ಮುಂದೆ ಗೈರು ಹಾಕಿ ನಿಟ್ಟುಸಿರು ಬಿಟ್ಟರು. ನಾನು ಮರುದಿನದಿಂದ ಬೆಳಿಗ್ಗೆ ಎಂಟೂವರೆಗೆ ಬೇವಿನ ಮರದ ಕೆಳಗೆ ಹೋಗಿ ನಿಲ್ಲತೊಡಗಿದೆ. ಯಾರಾದರೂ ಬಂದರೆ ಜೊತೆಗೆ ನಡೆದು ಶಾಲೆಗೆ ಕರೆತರುತ್ತೇನೆ, ಸಂಜೆ ಮರದವರೆಗೆ ಬಿಟ್ಟು ಬರುತ್ತೇನೆ ಎಂದು ಮನೆಗಳಿಗೆ ಹೇಳಿ ಕಳಿಸಿದೆ. ಐದು ದಿನ ಒಬ್ಬನೇ ನಿಂತೆ. ಆರನೇ ದಿನ ಜೆಸಿಬಿ ಬಂದು ಜಾಲಿ ಕಿತ್ತಿತು. ಅಂದೇ ಬೇಕರಿಯವನು ಮಗಳನ್ನು ಕರೆತಂದು ಮರದ ಕೆಳಗೆ ಬಿಟ್ಟ. ಒಬ್ಬಳು ಬಂದದ್ದು ನೋಡಿ ಇನ್ನೊಬ್ಬಳನ್ನು ಬಿಟ್ಟರು. ಹೋಗುವುದನ್ನು ನಿಲ್ಲಿಸುವಾಗ ಹೇಗೆ ಒಬ್ಬರನ್ನು ನೋಡಿ ಒಬ್ಬರು ನಿಲ್ಲಿಸಿದ್ದರೋ, ಕಳಿಸುವಾಗಲೂ ಹಾಗೆಯೇ ಆಯಿತು. ಹದಿನೈದು ದಿನದಲ್ಲಿ ಆರು ಜನ ಬಂದರು. ಎರಡು ಸೈಕಲ್, ನಾಲ್ವರು ಅವುಗಳ ಮೇಲೆ, ಇಬ್ಬರು ನನ್ನ ಜೊತೆ ನಡಿಗೆ.

ಏಳನೆಯವಳು ಬರಲಿಲ್ಲ. ಅವಳ ಮಾವನೇ ಶಾಲೆಗೆ ಬಂದ. ಬಿಳಿ ಅಂಗಿ ಹಾಕಿಕೊಂಡು, ಹೆಡ್ ಮಾಸ್ತರರ ಮುಂದೆ ಕೈ ಕಟ್ಟಿ ನಿಂತು, ಹುಡುಗಿಯ ವಿದ್ಯೆಗೆ ತಾನು ಅಡ್ಡಿಯಲ್ಲ ಎಂದ. ದಾರಿಯ ಚಿಂತೆ ಯಾರಿಗೂ ಬೇಡ, ದಿನಾ ತನ್ನ ಬೈಕಿನ ಮೇಲೆ ತಾನೇ ತಂದು ಬಿಡುತ್ತೇನೆ, ಸಂಜೆ ತಾನೇ ಕರೆದೊಯ್ಯುತ್ತೇನೆ ಎಂದ. ಹೆಡ್ ಮಾಸ್ತರರಿಗೆ ದೇವರೇ ಬಂದು ವರ ಕೊಟ್ಟಂತಾಯಿತು. ಏಳೂ ಹೆಸರು ಹಾಜರಾಗುತ್ತವೆ, ಊರಿನ ಮುನಿಸೂ ಕಳೆಯುತ್ತದೆ. ಒಪ್ಪಿಕೊಂಡು ಬಿಡಿ ಎಂದು ನನಗೆ ಕಣ್ಣಿನಲ್ಲೇ ಹೇಳಿದರು. ಹಿಂದಿ ಟೀಚರ್ ಮಾತ್ರ, ಬೇಲಿಯೇ ಎದ್ದು ಹೊಲ ಮೇಯುವಾಗ ಹೊಲವನ್ನೂ ಒಂದು ಮಾತು ಕೇಳೋಣ ಎಂದರು.

ನಾವಿಬ್ಬರೂ ಅಂದೇ ಅವನು ಗಿರಣಿಯಲ್ಲಿದ್ದ ಹೊತ್ತು ನೋಡಿ ಅವರ ಮನೆಗೆ ಹೋದೆವು. ಟೀಚರ್ ತಾಯಿಯನ್ನು ಮಾತಿಗೆ ಹಿಡಿದುಕೊಂಡರು. ಹುಡುಗಿ ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಹಣೆಯಲ್ಲಿ ಟಿಕಳಿ ಇರಲಿಲ್ಲ. ಮಾವನ ಬೈಕಿನ ಮೇಲೆ ಶಾಲೆಗೆ ಬರುತ್ತೀಯಾ ಎಂದು ಕೇಳಿದೆ. ಅವಳು ಬೂದಿ ಕೈಯನ್ನು ನೀರಿನಲ್ಲಿ ಅದ್ದಿ ತೊಳೆದುಕೊಂಡಳು.

“ನನ್ನ ಸೈಕಲ್ ಕೊಡಸ್ರಿ ಸರ್, ಬರ್ತೀನಿ. ಗಾಳಿ ಇಲ್ಲಂದ್ರೂ ನಡಕೊಂತ ಬರ್ತೀನಿ. ಅವನ ಗಾಡಿ ಮ್ಯಾಲ ಬ್ಯಾಡ್ರಿ. ಅದರಕಿಂತ ಹತ್ತಿಗೆ ಹೋಕ್ಕೀನಿ.”

ಹತ್ತಿ ಎಂದರೆ ಹತ್ತಿ ಬೀಜದ ಹೊಲ. ನಮ್ಮ ಕಡೆ ಹೂವಿಗೆ ಹೂವು ತಾಗಿಸಿ ಬೀಜ ಮಾಡುವ ಕ್ರಾಸಿಂಗ್ ಕೆಲಸಕ್ಕೆ ಹೆಂಗಸರನ್ನೂ ಹುಡುಗಿಯರನ್ನೂ ಕರೆದೊಯ್ಯುತ್ತಾರೆ. ಬೆಳಿಗ್ಗೆ ಟೆಂಪೋ ಮನೆ ಬಾಗಿಲಿಗೇ ಬರುತ್ತದೆ, ಸಂಜೆ ಬಾಗಿಲಿಗೇ ತಂದು ಬಿಡುತ್ತದೆ. ಇಪ್ಪತ್ತು ಹೆಂಗಸರ ನಡುವೆ ಕೂತ ಹುಡುಗಿಯ ಬಗ್ಗೆ ಊರು ಏನೂ ಮಾತಾಡುವುದಿಲ್ಲ. ಶಾಲೆಗೆ ಅಂಥದೊಂದು ಟೆಂಪೋ ಇಲ್ಲ.

ಮರುದಿನ ನಾನು ಹೆಡ್ ಮಾಸ್ತರರಿಗೆ, ಬೈಕಿನ ಏರ್ಪಾಡಿಗೆ ನನ್ನ ಒಪ್ಪಿಗೆ ಇಲ್ಲ ಎಂದು ಬರೆದು ಕೊಟ್ಟೆ. ಅವರ ಎದುರಿಗೇ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮೇಲಿನವರನ್ನು ಮೀರಿ ನಾನು ಮಾಡಿದ ಒಂದೇ ಕೆಲಸ ಅದು. ಜಿಲ್ಲೆಯಿಂದ ಇಬ್ಬರು ಬಂದರು. ಅವರು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದರು. ತಾಯಿಯನ್ನೂ ಮಾವನನ್ನೂ ಕೂರಿಸಿ ಕಾನೂನು ಹೇಳಿದರು. ಹದಿನೆಂಟು ತುಂಬುವವರೆಗೆ ಮದುವೆ ಮಾಡುವುದಿಲ್ಲ, ಹುಡುಗಿಯನ್ನು ಕಾಡುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಂಡರು. ಹಿಂದಿ ಟೀಚರ್ ಓಡಾಡಿ ಕುಷ್ಟಗಿಯ ಒಂದು ವಸತಿ ಶಾಲೆಯಲ್ಲಿ ಸೀಟು ಗೊತ್ತು ಮಾಡಿದರು. ತಾಯಿಯ ಒಂದು ಸಹಿ ಬೇಕಿತ್ತು. ತಾಯಿ ಸಹಿ ಹಾಕಲಿಲ್ಲ. ಬಂದವರು ಹುಡುಗಿಯನ್ನು ಪಕ್ಕಕ್ಕೆ ಕರೆದು, ನೀನೇ ಹೇಳು, ಹೋಗುತ್ತೀಯಾ ಎಂದು ಕೇಳಿದರು. ಅವಳು ಬಾಗಿಲ ಸಂದಿಯಿಂದ ತಾಯಿಯನ್ನೂ ತಂಗಿಯನ್ನೂ ನೋಡಿ, ತನಗೆ ಓದುವ ಮನಸ್ಸಿಲ್ಲ ಎಂದಳು. ವರದಿಯಲ್ಲಿ ಹಾಗೆಯೇ ಬರೆಯಲಾಯಿತು. ಆಮೇಲೂ ಅವರು ಎರಡು ಸಲ ಬಂದು ಹೋದರು. ಎರಡು ಸಲವೂ ಅದೇ ಉತ್ತರ.

ಅದರ ಹಿಂದಿನ ಮಾತು ನನಗೆ ಉಳಿದ ಹುಡುಗಿಯರಿಂದ, ಅವರ ಜೊತೆ ದಾರಿ ನಡೆಯುವಾಗ ತಿಳಿಯಿತು. ಮನೆಯಲ್ಲಿ ಮಾವನೊಂದಿಗೆ ಒಂದು ಒಪ್ಪಂದವಾಗಿತ್ತು. ದೊಡ್ಡವಳು ಶಾಲೆ ಬಿಟ್ಟು ಹತ್ತಿಗೆ ಹೋಗುತ್ತಾಳೆ. ಮುಂದಿನ ವರ್ಷ ಸಣ್ಣವಳನ್ನು ಪ್ರೌಢಶಾಲೆಗೆ ಬಿಡಬೇಕು, ಹಸಿರು ಸೈಕಲ್ ಅವಳಿಗೆ ಕೊಡಬೇಕು. ಈ ಒಪ್ಪಂದದ ಮಾತು ತೆಗೆದವಳು ದೊಡ್ಡವಳೇ.

ಆಗಸ್ಟ್ ಕೊನೆಯಿಂದ ಟೆಂಪೋ ದಿನಾ ಬೇವಿನ ಮರದ ಪಕ್ಕದಲ್ಲೇ ಹೋಗುತ್ತಿತ್ತು. ತಲೆಗೆ ಟವೆಲ್ ಕಟ್ಟಿಕೊಂಡ ಹೆಂಗಸರ ನಡುವೆ ಅವಳನ್ನು ಕೆಲವು ಸಲ ಕಂಡೆ. ಆರು ಜನ ಹುಡುಗಿಯರು ಕೈ ಎತ್ತುತ್ತಿದ್ದರು. ಮೊದಲ ವಾರ ಅವಳೂ ಎತ್ತಿದಳು. ನಂತರ ಧೂಳಿಗೆ ಮುಖ ಮುಚ್ಚಿಕೊಂಡು ಕೂರತೊಡಗಿದಳು. ನಾನು ಆ ವರ್ಷವೆಲ್ಲ ಮರದ ಕೆಳಗೆ ನಿಂತೆ, ಒಂದು ದಿನವೂ ತಪ್ಪಿಸಲಿಲ್ಲ. ಹೆಡ್ ಮಾಸ್ತರರು ನನ್ನನ್ನು ಮೆಚ್ಚಿ ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿದರು. ಶಾಲು ಹೊದ್ದು ನಿಂತಾಗ ಹಿಂದಿ ಟೀಚರ್ ನನ್ನನ್ನು ನೋಡುತ್ತಿದ್ದರು. ಅವರ ನೋಟಕ್ಕೆ ಅರ್ಥ ಹುಡುಕಬೇಕಾದ್ದಿರಲಿಲ್ಲ. ಬೇವಿನ ಮರದಿಂದ ಗಿರಣಿಗೆ ಇನ್ನೂರು ಹೆಜ್ಜೆ ಕೂಡ ಆಗುವುದಿಲ್ಲ. ಹುಡುಗಿ ಗುರುತು ಹಾಕಿ ತೋರಿಸಿದ ಜಾಗದಲ್ಲಿ ನಾನು ಒಂದು ದಿನವೂ ನಿಂತಿರಲಿಲ್ಲ. ಅಲ್ಲಿ ನಿಂತರೆ ಜಗಳವಾಗುತ್ತಿತ್ತು. ಮರದ ಕೆಳಗೆ ನೆರಳಿತ್ತು.

ಮುಂದಿನ ಜೂನ್‌ನಲ್ಲಿ ತಂಗಿ ಎಂಟನೇ ತರಗತಿಗೆ ಸೇರಿದಳು. ಹಸಿರು ಸೈಕಲ್ ತಂದಳು. ಹೊಸ ಮಕ್ಕಳಿಗೆ ನಾನು ಮತ್ತೆ ದಾರಿಯ ನಕ್ಷೆ ಮಾಡಿಸಿದೆ, ಆದರೆ ಈ ಸಲ ಒಬ್ಬೊಬ್ಬರಿಗೂ ಬೇರೆ ಬೇರೆ ಹಾಳೆ, ಎಲ್ಲರಿಗೂ ಒಂದೇ ಬಾಟಲಿಯ ಕೆಂಪು ಮಸಿ, ಒಂದೇ ಅಳತೆಯ ಕಡ್ಡಿ. ನೋಡುವವರು ಹಿಂದಿ ಟೀಚರ್ ಒಬ್ಬರೇ, ನೋಡಿದ ಮೇಲೆ ಹಾಳೆ ಬೀರುವಿಗೆ ಹೋಗಬೇಕು. ಅವರು ಸಂಜೆ ಒಂದು ಹಾಳೆ ತಂದು ನನ್ನ ಮುಂದೆ ಇಟ್ಟು, ಇದನ್ನು ನೀವು ನೋಡಲೇಬೇಕು ಎಂದರು. ಅದು ತಂಗಿಯದು, ಅಕ್ಕನಿಗಿಂತ ಚೆನ್ನಾಗಿ ಬಿಡಿಸಿದ್ದಳು. ತಮ್ಮ ಮನೆ, ಬೋರಿಂಗ್, ಬೇವಿನ ಮರ, ಮರದ ಕೆಳಗೆ ನನ್ನ ಬೈಕು, ಕಿತ್ತ ಜಾಲಿಯ ಮೋಟುಗಳು ಕೂಡ ಇದ್ದವು. ಮಸಿಯ ಗುರುತು ಎಲ್ಲಿಯೂ ಇರಲಿಲ್ಲ. ಮನೆಯಿಂದ ಬೋರಿಂಗ್‌ಗೆ, ಬೋರಿಂಗ್‌ನಿಂದ ನೆಟ್ಟಗೆ ಬೇವಿನ ಮರಕ್ಕೆ ದಾರಿ ಹೋಗಿತ್ತು. ಗಿರಣಿ ಇರಬೇಕಾದಲ್ಲಿ ಬಿಳಿ ಹಾಳೆಯಿತ್ತು.

ಅವಳಿನ್ನೂ ಅಂಗಳದಲ್ಲಿದ್ದಳು. ಟೀಚರ್ ಕರೆದು ಮೆಲ್ಲಗೆ, ಗಿರಣಿ ಬಿಡಿಸುವುದು ಮರೆತೆಯಾ ಎಂದು ಕೇಳಿದರು. ಅವಳು ಟೀಚರನ್ನೂ ನನ್ನನ್ನೂ ಒಮ್ಮೆ ನೋಡಿದಳು.

“ಯಾವ ಗಿರಣಿರಿ ಟೀಚರ್?” ಎಂದಳು.

ಮರುದಿನ ಬೇವಿನ ಮರದ ಕೆಳಗೆ ಬೈಕ್ ನಿಲ್ಲಿಸಲಿಲ್ಲ. ಊರೊಳಗೆ ಹೋಗಿ ಗಿರಣಿಯ ಕಟ್ಟೆಯ ಎದುರಿಗೇ ನಿಲ್ಲಿಸಿ ಇಳಿದೆ. ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದರು. ಅವನು ಮೈಗೆಲ್ಲ ಹಿಟ್ಟು ಮೆತ್ತಿಕೊಂಡು ಹೊರಗೆ ಬಂದು, ಜ್ವಾಳ ಬೀಸಾಕ ಬಂದೀರೇನ್ರಿ ಸರ್ ಎಂದು ನಕ್ಕ. ಕಟ್ಟೆಯವರೂ ನಕ್ಕರು.

“ಇಲ್ಲಪಾ. ಹುಡುಗೀನ ಕರಕೊಂಡು ಹೋಗಾಕ ಬಂದೀನಿ. ದಿನಾ ಇಲ್ಲೇ ಬರ್ತೀನಿ,” ಎಂದೆ. ಕೊರಳಲ್ಲಿ ಸೀಟಿ ಇತ್ತು, ಅದನ್ನು ಯಾಕೋ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಅವನು ಬಾಗಿಲಲ್ಲೇ ನಿಂತ, ನಾನೂ ನಿಂತೆ. ಸ್ವಲ್ಪ ಹೊತ್ತಿಗೆ ತಂಗಿ ಸೈಕಲ್ ಏರಿ ಬಂದಳು. ನನ್ನನ್ನು ಅಲ್ಲಿ ಕಂಡು ಒಂದು ಕ್ಷಣ ಬ್ರೇಕ್ ಹಿಡಿದು, ಮತ್ತೆ ತುಳಿದಳು. ಅವಳ ಹಿಂದೆಯೇ ಕಳೆ ತೆಗೆಯುವ ಹೆಂಗಸರ ಟೆಂಪೋ ಬಂತು. ಗಿರಣಿಯ ತಿರುವಿನಲ್ಲಿ ಅದು ನಿಧಾನ ಮಾಡಲೇಬೇಕು. ಹಿಂದೆ, ಕೊನೆಯಲ್ಲಿ, ಅಕ್ಕ ಕೂತಿದ್ದಳು. ಮುಖದ ಮೇಲಿನ ಟವೆಲ್ ಸರಿಸಿದಳು. ನಾನು ಕೈ ಎತ್ತಬೇಕೆಂದುಕೊಂಡೆ, ಆಗಲಿಲ್ಲ. ಅವಳು ನೋಡಿದ್ದು ನನ್ನನ್ನೂ ಅಲ್ಲ, ಮಾವನನ್ನೂ ಅಲ್ಲ. ಹಸಿರು ಸೈಕಲ್ಲಿನ ಗಾಲಿಗಳನ್ನು ನೋಡಿದಳು, ಮೊದಲು ಮುಂದಿನದು, ಆಮೇಲೆ ಹಿಂದಿನದು. ಎರಡರಲ್ಲೂ ಗಾಳಿ ಇತ್ತು.